ಅಪ್ಪನ ಅಂಚುಗಳನ್ನು ಕಂಟೇನರಿನಲ್ಲಿಟ್ಟ ಅಕ್ಕ

ಕಡೆಯ ದಿನಗಳನ್ನು ಬಿಟ್ಟರೆ ಆಕೆ ಬಾಯಲ್ಲಿ ಹೇಳದೆ ಒಂದು ಕಮಾಂಡನ್ನೂ ಒತ್ತಿದವರಲ್ಲ. ಟೈಪ್ ಮಾಡಿ ಮುಗಿಸಿ, ಎರಡೂ ಅಂಗೈ ಕೊಡವಿಕೊಂಡು, ಪರದೆಯ ಮೇಲಿನ ಸಾಲನ್ನು ಮೊದಲಿಂದ ಕಡೆಯವರೆಗೆ ಮೆಲ್ಲಗೆ ಓದಿ, ಆಮೇಲೆ ಎಂಟರ್ ಒತ್ತುತ್ತಿದ್ದರು. ತಮಿಳು ಸೀಮೆಯ ಪೀಳಮೇಡಿನ ನಮ್ಮ ಆಫೀಸಿನ ಹುಡುಗರು ಇದಕ್ಕೆ ಅಕ್ಕನ ಅರ್ಚನೆ ಎಂದು ಹೆಸರಿಟ್ಟಿದ್ದರು. ಹಾಗೆ ಆಡಿಕೊಂಡವರೇ ತಮ್ಮ ಸರ್ವರ್ ಮಲಗಿದ ದಿನ ಆಕೆಯ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಅಷ್ಟು ಎಚ್ಚರದ ಹೆಂಗಸು. ಹೋದ ತಿಂಗಳು ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕೂತರು, ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಎದೆನೋವು ಅವರಿಗೆ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು ಎಂಬುದು ನನಗೊಬ್ಬಳಿಗೆ ಗೊತ್ತು. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ, ಹೇಳಿದರೂ ಸಮಾಧಾನವಾಗುತ್ತದೆ ಎಂಬ ಭ್ರಮೆಯೂ ಇಲ್ಲ.

ನಾನು ದಾವಣಗೆರೆ ಕಡೆಯವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನಿನಲ್ಲಿ ಹಾಸ್ಟೆಲಿನ ಊಟದ ಗೋಳು ಹೇಳಿಕೊಳ್ಳುತ್ತಿದ್ದೆ. ಟಿಫಿನ್ ಡಬ್ಬಿ ತೊಳೆದುಕೊಂಡು ಬರುತ್ತಿದ್ದ ಆಕೆ ಅಲ್ಲೇ ನಿಂತರು.

“ಕಣ್ಣು, ನೀ ಕನ್ನಡಾವ? ನಾವೂ ಕನ್ನಡಾನೇ. ಆನಾ ನಿನ್ನಂಗೆ ಪುಸ್ತಕದ್ ಮಾತು ಬರಾದಿಲ್ಲ.” ಕಣ್ಣು ಎಂದರೆ ಆ ಕಡೆ ಕಂದ ಎಂದ ಹಾಗೆ, ಆನಾ ಎಂದರೆ ಆದರೆ.

ಮರುದಿನದಿಂದ ನನ್ನ ಪಾಲಿಗೂ ಒಂದು ಡಬ್ಬಿ ಬರತೊಡಗಿತು. ಅವರದು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಇಳಿದು ಬಂದ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಒಂದೂ ಬಾರದು. ಒಮ್ಮೆ ನನ್ನ ಬ್ಯಾಗಿನಲ್ಲಿದ್ದ ಕನ್ನಡ ಪೇಪರನ್ನು ತೆಗೆದು, ಆ ಕಡೆ ಈ ಕಡೆ ತಿರುಗಿಸಿ, “ಚೆಂದಾಗಿ ಅದೆ. ಅಂಚಿಗೆ ಹಾಕ್ಬೋದು” ಎಂದರು. ತಮಾಷೆಯಲ್ಲ, ನಿಜವಾಗಿ ಹೇಳಿದ್ದು. ಏನು ನೋಡಿದರೂ ಸೀರೆಯ ಅಂಚಿಗೆ ಒಗ್ಗುತ್ತದೋ ಇಲ್ಲವೋ ಎಂದು ಅಳೆಯುವುದು ಅವರ ರಕ್ತದಲ್ಲಿತ್ತು.

ನನಗೆ ಸರ್ವರ್ ಕೆಲಸ ಕಲಿಸಿದ್ದು ಅವರೇ. ಕಂಟೇನರ್ ಎಂದರೇನು ಎಂದು ನಾನು ಇಂಟರ್ನೆಟ್ಟಿನಲ್ಲಿ ಓದಿ ಓದಿ ತಲೆ ಕೆಡಿಸಿಕೊಂಡಿದ್ದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು. “ತಿರುಪ್ಪೂರಿಂದ ಬನಿಯನ್ ತುಂಬ್ಕೊಂಡು ತೂತ್ತುಕುಡಿ ಹಾರ್ಬರ್ಗೆ ಲಾರಿ ಓತದಲ್ಲ, ಆ ಪೆಟ್ಟಿ. ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನು, ಎಲ್ಲಾ ಒಂದೇ ಪೆಟ್ಟೀಲಿ. ಯಾವ್ ಊರಲ್ಲಿ ಇಳಿಸಿದ್ರೂ ಓಡ್ತದೆ.” ಲಿನಕ್ಸ್ ಸರ್ವರಿಗೆ ಕಂಟೇನರ್ ಓಡಿಸುವ ತಂತ್ರಾಂಶವನ್ನು ಏರಿಸುವಾಗ ಮೊದಲು ಹಳೆಯ ಆವೃತ್ತಿಯನ್ನು ಬೇರು ಸಮೇತ ಕಿತ್ತು ಹಾಕಬೇಕು ಎಂಬುದು ಅವರ ಮೊದಲ ಪಾಠ. “ಅರೆವಾಸಿ ಹಳೇದು ಪಿಶಾಚಿ ಮಾದಿರಿ ಕಣ್ಣು, ಯಾವಾಗ ಎದ್ ಬತ್ತದೋ ಗೊತ್ತಾಗಾದಿಲ್ಲ.” ಆಮೇಲೆ ಇಳಿಸಿಕೊಂಡದ್ದು ಅಸಲಿಯೇ ಎಂದು ಅದರ ಸಹಿ ಪರೀಕ್ಷೆ, ಆಮೇಲೆ ಏರಿಸುವುದು, ಕರೆಂಟು ಹೋಗಿ ಬಂದರೂ ತಾನೇ ಏಳುವಂತೆ ಹೊಂದಿಸುವುದು. ಕೊನೆಗೆ ಒಂದು ಪರೀಕ್ಷೆಯ ಪೆಟ್ಟಿಗೆಯನ್ನು ಓಡಿಸಿದರೆ ಅದು ಪರದೆಯ ಮೇಲೆ ನಮಸ್ಕಾರ ಹೇಳುತ್ತದೆ. ಆ ಸಾಲು ಮೂಡಿದ ಕೂಡಲೇ ಅಕ್ಕ ಬಾಗಿಲಿಗೆ ಬಂದ ನೆಂಟರಿಗೆ ಹೇಳುವಂತೆ “ಬಾ ಬಾ” ಎನ್ನುತ್ತಿದ್ದರು. ಎಷ್ಟು ಸಾರಿ ಏರಿಸಿದರೂ ಅಷ್ಟು ಸಾರಿ ಹೇಳುತ್ತಿದ್ದರು.

ಮದುವೆಯಾಗಿರಲಿಲ್ಲ. ಕೇಳಿದರೆ, “ಮಗ್ಗದ ಮನೇಲಿ ಹೆಣ್ಮಕ್ಳು ದಾರ ಸುತ್ತೋದ ಬುಟ್ಟು ಕಂಪ್ಯೂಟ್ರು ಮುಂದೆ ಕೂತ್ಕಂಡ್ರೆ ಯಾರ್ ಬತ್ತಾರೆ?” ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಬೇಸರ ಹುಡುಕಿದೆ, ನನಗೆ ಸಿಗಲಿಲ್ಲ. ಅವರ ಜೀವ ಇದ್ದದ್ದು ಅಪ್ಪನ ಮೇಲೆ.

ಸಿಂಗಾನಲ್ಲೂರಿನಾಚೆ ನೇಕಾರರ ಬೀದಿಯಲ್ಲಿ ಅವರ ಮನೆ. ಮುಂಭಾಗದ ಕೋಣೆಯಲ್ಲಿ ಗುಂಡಿಮಗ್ಗ, ಒಳಗೆ ಅಪ್ಪ, ಅಪ್ಪನ ತಂಗಿ, ಆ ತಂಗಿಯ ಮಗ, ಸೊಸೆ, ಸದಾ ಗಲಾಟೆ. ಅಪ್ಪ ನೇಯುವವರಷ್ಟೇ ಅಲ್ಲ, ಬೀದಿಗೆಲ್ಲ ಚಿತ್ರ ಬರೆದುಕೊಡುತ್ತಿದ್ದವರು. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಅಂಚು, ಸೆರಗು, ಬುಟ್ಟಾ ಬರೆಯುವುದು. ಆ ಹಾಳೆಯನ್ನು ನೋಡಿಯೇ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಾರೆ. ಜೋಡಿಹಂಸ, ಮಾವಿನಕಾಯಿ, ರುದ್ರಾಕ್ಷಿಮಣಿ, ಹೀಗೆ ಜೀವಮಾನವಿಡೀ ಬರೆದದ್ದು ಮರದ ಪೆಟ್ಟಿಗೆಯ ತುಂಬ ಇತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ನೋಟ ಹೋದ ಮೇಲೆ ಅವರು ಪೆಟ್ಟಿಗೆಯ ಪಕ್ಕವೇ ಮಂಚ ಹಾಕಿಸಿಕೊಂಡಿದ್ದರು. ಬೀದಿಯಲ್ಲಿ ಕೈಮಗ್ಗಗಳು ಒಂದೊಂದಾಗಿ ನಿಂತು, ಗೆದ್ದಲು ಮಾತ್ರ ಬಿಡುವಿಲ್ಲದೆ ದುಡಿಯುತ್ತಿದ್ದ ಕಾಲ ಅದು.

ಅಕ್ಕ ಹಾಳೆಗಳನ್ನು ಉಳಿಸಲು ಹೊರಟರು. ಆಫೀಸು ತೆಗೆದುಹಾಕುತ್ತಿದ್ದ ಒಂದು ಹಳೆಯ ಸರ್ವರನ್ನು ಕೇಳಿ ತಂದು, ಹೊಸ ಡಿಸ್ಕು ಹಾಕಿ, ಮಗ್ಗದ ಪಕ್ಕದಲ್ಲೇ ನಿಲ್ಲಿಸಿದರು. ನೂಲಿನ ಜುಂಗು ಫ್ಯಾನಿಗೆ ಸೇರದಂತೆ ಹಳೆಯ ಸೊಳ್ಳೆಪರದೆ ಹೊದಿಸಿದರು. ಆದರೂ ಸೇರಿದ್ದನ್ನು ಅಪ್ಪನ ಬಣ್ಣದ ಕುಂಚದಿಂದಲೇ ಒರೆಸುತ್ತಿದ್ದರು. ರಜೆಯ ದಿನಗಳಲ್ಲಿ ಅನುಮತಿ ಪಡೆದು ಆಫೀಸಿನ ಯಂತ್ರದಲ್ಲಿ ಹಾಳೆಗಳನ್ನು ಸ್ಕ್ಯಾನ್ ಮಾಡುವುದು, ಮನೆಗೆ ತಂದು ಸರ್ವರಿಗೆ ಏರಿಸುವುದು, ಆಫೀಸಿನ ಯಂತ್ರದಲ್ಲಿ ಉಳಿದದ್ದನ್ನು ಅಳಿಸುವುದು. ಮನೆಯ ಸಾಮಾನು ಆಫೀಸಿನಲ್ಲಿ ಇರಕೂಡದು ಎಂಬುದು ಅವರ ಶಿಸ್ತು. ಬೀದಿಯ ಯಾರೇ ಆಗಲಿ ಫೋನಿನಲ್ಲಿ ಒಂದು ಪುಟ ತೆರೆದರೆ ಚಿತ್ರಗಳೆಲ್ಲ ಕಾಣಬೇಕು, ಅದಕ್ಕೊಂದು ಕಂಟೇನರ್. ಪುಟದಲ್ಲಿ ಪ್ರತಿ ಚೌಕದ ಮೇಲೂ ಚಿತ್ರದ ಹೆಸರು. ಮಾತು ಕನ್ನಡ, ಬರಹ ತಮಿಳು.

“ಅಪ್ಪಾ, ನಿಂದೆಲ್ಲಾ ಕಂಟೇನರ್ಗೆ ಆಕ್ಬುಟ್ಟೆ” ಎಂದು ಅಕ್ಕ ಹೇಳಿದಾಗ ಮುದುಕರಿಗೆ ಗಾಬರಿಯಾಯಿತು. “ತೂತ್ತುಕುಡಿಗಾ? ಕಪ್ಪಲ್ ಏರಿಸ್ಬುಟ್ಯಾ?” ಹಡಗಲ್ಲ, ಮಗ್ಗದ ಪಕ್ಕವೇ ಇದೆ ಎಂದು ಅವರ ಕೈ ಹಿಡಿದು ಬೆಚ್ಚಗಿನ ಸರ್ವರನ್ನು ಮುಟ್ಟಿಸಿದ ಮೇಲೆ ನಂಬಿದರು. ಅಂದು ಮನೆಯವರೆಲ್ಲ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಮನೆಯಲ್ಲಿ ನಾನು ಕಂಡ ಕೊನೆಯ ದೊಡ್ಡ ನಗು ಅದೇ.

ಅವರ ಕಡೆ ಒಂದು ಪದ್ಧತಿ ಇದೆ. ಹಳೆಯ ಬರಹವನ್ನು ನಕಲು ಮಾಡಿಕೊಂಡ ಮೇಲೆ ಮೂಲವನ್ನು ಆಡಿ ತಿಂಗಳ ಹದಿನೆಂಟಕ್ಕೆ, ನೀರಿನ ಹಬ್ಬದ ದಿನ, ಹೊಳೆಗೆ ಬಿಡುತ್ತಾರೆ. ಹಿಂದೆ ಓಲೆಗರಿಗೆ ಹಾಗೆ ಮಾಡುತ್ತಿದ್ದರಂತೆ. ಅಪ್ಪ ತಮ್ಮ ಹಾಳೆಗಳಿಗೂ ಅದೇ ಆಗಬೇಕು ಎಂದರು. ತಿರುಪ್ಪೂರಿನ ಕಡೆಗೆ ಹೋದಂತೆ ನೊಯ್ಯಲ್ ಹೊಳೆಯ ನೀರು ಬಣ್ಣದ ಕಾರ್ಖಾನೆಗಳ ನೀರಾಗುತ್ತದೆ, ಬೆಟ್ಟದಿಂದ ಇಳಿದು ತೊಂಡಾಮುತ್ತೂರಿನ ಕಡೆಯಿಂದ ಬರುವ ನೀರೇ ಬೇಕು ಎಂದು ಪೇರೂರಿಗೆ ಹೋದೆವು. ನಾನೂ ಜೊತೆಗಿದ್ದೆ. ಹಾಳೆಗಳ ಗಂಟಿಗೆ ಅರಿಸಿನ ಕುಂಕುಮ ಹಚ್ಚಿದ್ದರು.

ನನಗೆ ಮನಸ್ಸು ತಡೆಯಲಿಲ್ಲ. “ತಾತ, ಒಂದಷ್ಟಾದ್ರೂ ಇಟ್ಕೊಬಾರ್ದಾ?” ಎಂದೆ.

“ಇಟ್ಕಂಡು? ಗೆದ್ದಲ್ಗೆ ಆಕೋದಾ? ಗೆದ್ದಲ್ಗೆ ಆಕೋದಕ್ಕಿಂತ ಗಂಗಮ್ಮನ್ಗೆ ಕೊಡೋದು ಮೇಲಲ್ವಾ ಕಣ್ಣು?” ಎಂದವರು ಮಗಳ ಕಡೆಗೆ ಮುಖ ತಿರುಗಿಸಿದರು. “ಏನಮ್ಮಾ, ಅಲ್ಲಿ ಭದ್ರಮಾ ಅದೆ ಅಲ್ವಾ?”

“ಭದ್ರಮಾ ಅದೆ ಅಪ್ಪಾ. ನಾ ಇಲ್ವಾ?”

ಮುದುಕರು ಹೊಳೆಯ ಮೆಟ್ಟಿಲ ಮೇಲೆ ಬಗ್ಗಿ ಗಂಟನ್ನು ಬಿಟ್ಟರು. ಹಾಳೆಗಳು ಬಿಚ್ಚಿಕೊಂಡು, ಬಣ್ಣ ನೀರಿಗೆ ಇಳಿದು, ಜನರ ಕಾಲಿನ ನಡುವೆ ತಿರುಗಿ ಮುಂದೆ ಹೋದವು. “ಓಯ್ತಾ?” ಎಂದು ಕೇಳಿದರು. ಅಕ್ಕ “ಓಯ್ತು” ಎಂದರು. ಹೊರೆ ಇಳಿದಂತೆ ಮುದುಕರು ಅಲ್ಲೇ ಕೂತು ನೀರನ್ನು ತಲೆಗೆ ತಳಿದುಕೊಂಡರು.

ಇನ್ನು ಉಳಿದದ್ದು ಸರ್ವರಿನ ಕಾವಲು. ಶುಕ್ರವಾರ ದೀಪ ಹಚ್ಚಿದ ಮೇಲೆ ಅಕ್ಕ ಓಡುತ್ತಿರುವ ಆ ಕಂಟೇನರ್ ಪೆಟ್ಟಿಗೆಯ ಒಂದು ಪ್ರತಿ ತೆಗೆದು ಇಡುತ್ತಿದ್ದರು. ಒಂದು ಶುಕ್ರವಾರವೂ ತಪ್ಪಲಿಲ್ಲ. ತೆಗೆದಿಟ್ಟ ಪ್ರತಿಯನ್ನು ಒಮ್ಮೆ ಬಿಚ್ಚಿ ನೋಡಬೇಕು ಎಂದು ಆಫೀಸಿನಲ್ಲಿ ನಮಗೆಲ್ಲ ಕಿವಿ ಹಿಂಡಿದವರೂ ಅವರೇ. ಆದರೆ ಮನೆಯಲ್ಲಿ ಬಿಚ್ಚಲಿಲ್ಲ. ನೇಯ್ದು, ಮಡಿಸಿ, ಕುಂಕುಮ ಇಟ್ಟ ಸೀರೆಯನ್ನು ಉಡುವವರೇ ಬಿಚ್ಚಬೇಕು, ನೇಯ್ದವರು ಬಿಚ್ಚಿದರೆ ದೃಷ್ಟಿಯಾಗುತ್ತದೆ ಎಂದು ಅವರ ಮನೆಯಲ್ಲಿ ನಡೆದುಬಂದ ಮಾತು. ನಾನೊಮ್ಮೆ ಕೇಳಿದ್ದಕ್ಕೆ, “ಅಪ್ಪನ್ದು ಕಣ್ಣು. ಮಡಿಚಿ ಇಟ್ಟದ್ದ ಸುಮ್ಸುಮ್ನೆ ಬಿಚ್ಚಕೂಡಾದು” ಎಂದರು. ಇಂಜಿನಿಯರಿಂಗ್ ಓದಿದ ಹೆಂಗಸು ಹೀಗಂದರೆ ನಗು ಬರಬೇಕು. ನನಗೆ ಬರಲಿಲ್ಲ, ನಮ್ಮಮ್ಮನೂ ಇಂಥ ನೂರು ಮಾತು ಹೇಳುತ್ತಾಳೆ.

ಅಲ್ಲಿ ಒಂದು ಸಂಗತಿ ಅಡಗಿತ್ತು. ಆಫೀಸಿನಲ್ಲಿ ದತ್ತಾಂಶವೆಲ್ಲ ಬೇರೆಯೇ ಯಂತ್ರದಲ್ಲಿ ಇರುತ್ತಿತ್ತು, ಕಂಟೇನರಿನಲ್ಲಿ ಪ್ರೋಗ್ರಾಮು ಮಾತ್ರ. ಮನೆಯಲ್ಲಿ ಅಕ್ಕ ಅಪ್ಪನದೆಲ್ಲ ಒಂದೇ ಕಡೆ ಇರಲಿ ಎಂದು ಚಿತ್ರಗಳನ್ನೂ ಅದರೊಳಗೇ ಹಾಕಿದ್ದರು. ಹಾಗೆಂದು ಅವರು ತಿಳಿದಿದ್ದರು. ಆದರೆ ಅವರು ತಂದುಕೊಂಡ ಸಿದ್ಧ ಕಂಟೇನರನ್ನು ಮಾಡಿದವರು, ಚಿತ್ರಗಳು ಬೀಳುವ ಜಾಗವನ್ನು ಪೆಟ್ಟಿಗೆಯ ಹೊರಗೆ ಒಂದು ಉಗ್ರಾಣದಲ್ಲಿ ಇಡಬೇಕೆಂದು ಮೊದಲೇ ಬರೆದಿಟ್ಟಿದ್ದರು. ಸರ್ವರ್ ಸದ್ದಿಲ್ಲದೆ ಹೆಸರಿಲ್ಲದ ಒಂದು ಉಗ್ರಾಣ ಮಾಡಿಕೊಂಡು ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತಿತ್ತು. ಪುಟದಲ್ಲಿ ಚಿತ್ರಗಳು ಸರಿಯಾಗೇ ಕಾಣುತ್ತಿದ್ದುದರಿಂದ ಅನುಮಾನ ಬರಲು ಕಾರಣವಿರಲಿಲ್ಲ. ಪೆಟ್ಟಿಗೆಯ ಪ್ರತಿ ತೆಗೆದರೆ ಉಗ್ರಾಣ ಅದರಲ್ಲಿ ಬರುವುದಿಲ್ಲ. ಶುಕ್ರವಾರ ಶುಕ್ರವಾರ ಅವರು ಮಡಿಸಿಟ್ಟದ್ದು ಚಿತ್ರವಿಲ್ಲದ ಪುಟವನ್ನು.

ಹಾಗೆ ಇಟ್ಟ ಪ್ರತಿಗಳೇ ಕೂಡಿ ಕೂಡಿ ಡಿಸ್ಕು ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಅದನ್ನು ಶುಚಿ ಮಾಡಲು ಕೂತರು. ನಾನು ತಿಂಡಿಗೆಂದು ಹೋದವಳು ಪಕ್ಕದಲ್ಲೇ ಇಡ್ಲಿ ತಿನ್ನುತ್ತಿದ್ದೆ. ಕೊನೆಯ ಶುಕ್ರವಾರದ ಪ್ರತಿಯನ್ನು ಉಳಿಸಿಕೊಂಡು, ಅದರಿಂದಲೇ ಮತ್ತೆ ಎಬ್ಬಿಸಿದರಾಯಿತು ಎಂದು, ಓಡುತ್ತಿದ್ದ ಪೆಟ್ಟಿಗೆಯನ್ನು ನಿಲ್ಲಿಸಿ ತೆಗೆದರು. ಆಮೇಲೆ ಬಳಕೆಯಲ್ಲಿ ಇಲ್ಲದ್ದನ್ನೆಲ್ಲ ಅಳಿಸುವ ಕಮಾಂಡು. ಅಂಗೈ ಕೊಡವಿಕೊಂಡು ಓದಿದರು. ಏನೇನು ಹೋಗುತ್ತದೆ ಎಂದು ಸರ್ವರ್ ಎಚ್ಚರಿಕೆ ಕೊಟ್ಟಿತು, ಯಾವ ಪೆಟ್ಟಿಗೆಗೂ ಸೇರದ ಉಗ್ರಾಣಗಳು ಎಂಬ ಸಾಲೂ ಅದರಲ್ಲಿತ್ತು. ಅದನ್ನೂ ಓದಿದರು. ಖಂಡಿತವೇ ಎಂದು ಕೇಳಿದ್ದಕ್ಕೆ “ಆಮಾ” ಎಂದು ಒತ್ತಿದರು.

ಉಳಿಸಿಕೊಂಡ ಪ್ರತಿಯಿಂದ ಹೊಸ ಪೆಟ್ಟಿಗೆ ಎಬ್ಬಿಸಿದರು. ಪುಟ ಬಂತು. ಮೇಲೆ ಅಪ್ಪನ ಹೆಸರು, ಕೆಳಗೆ ಚಿತ್ರಗಳ ಹೆಸರು, ಒಂದೊಂದು ಹೆಸರಿನ ಕೆಳಗೂ ಒಂದು ಖಾಲಿ ಚೌಕ. ಅಕ್ಕ ಮತ್ತೆ ತೆರೆದರು. ಫೋನಿನಲ್ಲಿ ತೆರೆದರು. ಎದ್ದುಹೋಗಿ ಸರ್ವರಿನ ತಂತಿಯನ್ನು ಮುಟ್ಟಿ ನೋಡಿದರು, ಅಷ್ಟು ತಿಳಿದವರು, ತಂತಿಯನ್ನು. ವಾಪಸು ಬಂದು ಕೂತು ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಿಕೊಂಡು ಹೋದರು. ಉಗ್ರಾಣಗಳ ಆ ಸಾಲಿಗೆ ಬಂದಾಗ ಅವರ ದನಿ ನಿಂತಿತು.

ಮಂಚದಿಂದ ಅಪ್ಪ ಕೇಳಿದರು, “ಎಲ್ಲಾ ಬಂದ್ಬುಡ್ತಾ ಅಮ್ಮಾ?”

“ಬಂದ್ಬುಡ್ತು ಅಪ್ಪಾ.”

ನಾನು ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಡಿಸ್ಕನ್ನು ಕಿತ್ತುಕೊಂಡು ಗಾಂಧಿಪುರದಲ್ಲಿ ಅಳಿದದ್ದನ್ನು ತೆಗೆದುಕೊಡುವವನೊಬ್ಬನ ಹತ್ತಿರ ಹೋದೆವು. ಇದು ಹೊಸ ಬಗೆಯ ಡಿಸ್ಕು, ಅಳಿಸಿದ ಜಾಗವನ್ನು ತಾನೇ ಒರೆಸಿಕೊಂಡುಬಿಡುತ್ತದೆ, ಹಳೆಯದೇ ಇದ್ದಿದ್ದರೆ ನೋಡಬಹುದಿತ್ತು ಎಂದ. ಚಿತ್ರಗಳು ಕ್ಷೇಮವಾಗಿರಲಿ ಎಂದೇ ಅಕ್ಕ ಹೊಸ ಡಿಸ್ಕು ಹಾಕಿಸಿದ್ದು. ಬೀದಿಯವರ ಫೋನಿನಲ್ಲಿ ಯಾರಾದರೂ ಇಳಿಸಿಕೊಂಡಿರಬಹುದು ಎಂದು ಮನೆ ಮನೆಗೆ ಹೋದೆವು. ಬೇರೆ ನೆಪ ಹೇಳಿ ಕೇಳಬೇಕಾಗಿತ್ತು, ಅಪ್ಪನ ಕಿವಿಗೆ ಬೀಳಬಾರದಲ್ಲ. ತೂತು ಹೊಡೆದ ಹಳೆಯ ಕಾರ್ಡುಗಳು ನಿಂತ ಮಗ್ಗಗಳ ಜೊತೆ ಗೆದ್ದಲಿಗೆ ಹೋಗಿದ್ದವು, ನೇಯ್ದ ಸೀರೆಗಳು ಯಾವಾಗಲೋ ಮಾರಿಹೋಗಿದ್ದವು. ಚಿತ್ರಗಳನ್ನು ಯಾರೂ ಇಳಿಸಿಕೊಂಡಿರಲಿಲ್ಲ. ಪುಟವನ್ನು ತೆರೆದವರೇ ಇರಲಿಲ್ಲ. “ನಿಮ್ಮನೇಲಿ ಅದೆ ಅಲ್ವಾ, ಬೇಕಾದಾಗ ನೋಡ್ಕಂಡ್ರಾಯ್ತು ಅಂತ ಇದ್ದೋ” ಎಂದರು. ತಪ್ಪಿಲ್ಲ ಅವರದು. ಆದರೂ ನನಗೆ ಆ ಬೀದಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪನಿಗೆ ಒಂದು ಅಭ್ಯಾಸವಾಗಿತ್ತು. ಸಂಜೆ ಮಗಳು ಮನೆಗೆ ಬಂದ ಮೇಲೆ ಒಂದು ಚಿತ್ರದ ಹೆಸರು ಹೇಳುವುದು, ಅವಳು ಫೋನಿನಲ್ಲಿ ತೆರೆದು ವರ್ಣಿಸುವುದು. ಕಣ್ಣಿಲ್ಲದ ಮನುಷ್ಯ ತನ್ನ ಕೆಲಸವನ್ನು ನೋಡಿಕೊಳ್ಳುತ್ತಿದ್ದದ್ದು ಹಾಗೆ. ಆ ಭಾನುವಾರದ ಸಂಜೆಯೂ ಕೇಳಿದರು. ಅಕ್ಕ ಖಾಲಿ ಚೌಕವನ್ನು ತೆರೆದಿಟ್ಟುಕೊಂಡು ನೆನಪಿನಿಂದ ಹೇಳಿದರು. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು.

“ಹೇಳಿಬಿಡಿ ಅಕ್ಕ” ಎಂದೆ ನಾನು, ಆಫೀಸಿನ ಊಟದ ಮೇಜಿನಲ್ಲಿ.

“ಏನಂತ ಹೇಳ್ಲಿ? ನನ್ ಮಾತ ನಂಬಿ ನೀರ್ಗೆ ಬುಟ್ರು ಕಣ್ಣು. ಗೆದ್ದಲು ತಿಂದಿದ್ರೆ ಅರೆವಾಸಿ ಆದ್ರೂ ಉಳೀತಿತ್ತು.”

ಮತ್ತೆ ಬರೆದುಬಿಡೋಣ ಎಂದು ಒಂದಿಷ್ಟು ದಿನ ಹಟ ಹಿಡಿದರು. ಗ್ರಾಫ್ ಹಾಳೆ ತಂದು ಊಟದ ಬಿಡುವಿನಲ್ಲಿ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಹಂಸದ ಕೊರಳು ಬರುತ್ತಿತ್ತು, ಅದು ಅಂಚಿನ ಅಗಲಕ್ಕೆ ಕೂರುತ್ತಿರಲಿಲ್ಲ. ಒಂದು ಚೌಕ ಆಚೆ ಈಚೆಯಾದರೂ ಮಗ್ಗದಲ್ಲಿ ಹಂಸ ಹಂಸವಾಗಿ ಬರುವುದಿಲ್ಲ. “ನೋಡಿದ್ದೆ ಕಣ್ಣು, ಆನಾ ಎಣಿಸಿರ್ಲಿಲ್ಲ” ಎಂದು ಪೆನ್ಸಿಲ್ ಕೆಳಗಿಟ್ಟರು. ಆ ಮಾತು ಕೇಳಿ ನಾನು ಕೈ ತೊಳೆಯುವ ನೆಪದಲ್ಲಿ ಎದ್ದುಹೋದೆ, ಅವರೆದುರು ಅಳಲು ನನಗೆ ಹಕ್ಕಿರಲಿಲ್ಲ.

ದಿನ ಹೋದಂತೆ ನೆನಪೂ ಸವೆಯಿತು. ಬೆಳಿಗ್ಗೆ ನನ್ನ ಹತ್ತಿರ ಬಂದು, “ನೆನ್ನೆ ಮಾವಿನಕಾಯಿ ಕೇಳಿದ್ರು. ತೊಟ್ಟು ಎಡಕ್ಕಾ ಬಲಕ್ಕಾ ಅಂತ ಮರ್ತೋಗದೆ. ಎಡಕ್ಕೆ ಅಂದೆ. ಸುಮ್ನಿದ್ರು” ಎನ್ನುತ್ತಿದ್ದರು. ಪರೀಕ್ಷೆಗೆ ಓದದ ಮಕ್ಕಳ ಮುಖ ಹಾಗಿರುತ್ತದೆ. ಸಂಜೆ ಬಸ್ಸು ಹತ್ತಲು ಹಿಂಜರಿಯತೊಡಗಿದರು, ಇಲ್ಲದ ಕೆಲಸ ಹುಡುಕಿಕೊಂಡು ಕೂರುತ್ತಿದ್ದರು. ಅಷ್ಟು ಪ್ರೀತಿಯ ಅಪ್ಪನ ಮುಂದೆ ಹೋಗಿ ನಿಲ್ಲಲು ಹೆದರುವುದು, ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ದೇವರೂ ಕೊಡಲಾರ. ಆಫೀಸಿನಲ್ಲಿ ಕಮಾಂಡುಗಳನ್ನು ಓದುವುದು ನಿಂತುಹೋಯಿತು. ಹೊಸ ಸರ್ವರಿನಲ್ಲಿ ಕಂಟೇನರ್ ಏರಿಸಿದಾಗ ಪರದೆಯ ಮೇಲೆ ನಮಸ್ಕಾರ ಮೂಡಿದರೂ ಸುಮ್ಮನೆ ನೋಡುತ್ತಿದ್ದರು. ಹುಡುಗರು ಅಕ್ಕನಿಗೆ ವಯಸ್ಸಾಯಿತು ಎಂದರು. ಹೀಗೆಯೇ ಎರಡು ಮಳೆಗಾಲ ಕಳೆದು ಒಂದು ಮಧ್ಯಾಹ್ನ ಆ ಎದೆನೋವು ಬಂತು.

ಎಲ್ಲ ಕಾರ್ಯ ಮುಗಿದ ಮೇಲೆ, ಹೋದ ವಾರ, ಮುದುಕರನ್ನು ನೋಡಲು ಹೋದೆ. ಅವರ ತಂಗಿಯ ಸೊಸೆ ಕಾಫಿ ಕೊಟ್ಟಳು. ಮುದುಕರು ನನ್ನ ದನಿ ಗುರುತಿಸಿ ಮಂಚದಲ್ಲಿ ಸರಿದು ಜಾಗ ಮಾಡಿದರು. ದಿಂಬಿನ ಕೆಳಗಿಂದ ಮಗಳ ಫೋನನ್ನು ತೆಗೆದು ನನ್ನ ಕೈಗಿಟ್ಟರು.

“ಮನೇಲಿ ಯಾರ್ಗೂ ಹೇಳಕ್ಕೆ ಬರಾದಿಲ್ಲ ಕಣ್ಣು. ನಿಂಗೆ ಗೊತ್ತಲ್ಲ. ಅರಳಿಮೊಗ್ಗು ತೆಗಿ.”

ತೆರೆದೆ. ಅಕ್ಕನಿಂದ ಕಲಿತ ತಮಿಳಕ್ಷರ ಕೂಡಿಸಿ ಓದಿದೆ, ಆ ಹೆಸರಿತ್ತು. ಅದರ ಕೆಳಗೆ ಚೌಕ ಖಾಲಿ. ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮಗಳನ್ನು ಮೊನ್ನೆ ಮಣ್ಣಿಗಿಟ್ಟು ಬಂದ ಮನುಷ್ಯನಿಗೆ ಇದನ್ನೂ ಹೇಳುವ ಎದೆ ನನಗಿರಲಿಲ್ಲ. ಅಕ್ಕ ಎಂದೂ ನನ್ನೆದುರು ವರ್ಣಿಸದ ಚಿತ್ರ ಅದು. ಅರಳಿಮೊಗ್ಗು ಎಂದರೆ ಹೇಗಿರಬಹುದು ಎಂದು ಊಹಿಸಿಕೊಂಡು, ಚೂಪಾದ ಮೊಗ್ಗುಗಳ ಸಾಲು ಎಂದೆ. ಮುದುಕರು ತಲೆಯಾಡಿಸಿದರು. ಆ ತಲೆಯಾಟಕ್ಕೆ ಧೈರ್ಯ ಬಂದು, ಮೊಗ್ಗಿನ ನಡುವೆ ನಡುವೆ ಎಲೆ, ಎಲೆಯ ಮೇಲೊಂದು ಗಿಳಿ ಎಂದೆ.

ತಲೆಯಾಟ ನಿಂತಿತು.

“ಗಿಳಿಯಾ?”

ಮುದುಕರು ನನ್ನ ಕಡೆಗೆ ಕಿವಿ ತಿರುಗಿಸಿದರು.

“ನಾ ನನ್ ಆಯುಸ್ಸಲ್ಲಿ ಗಿಳಿ ಬರ್ದೇ ಇಲ್ವಲ್ಲ.”

ಅವರು ಕೈ ಚಾಚಿ ಫೋನನ್ನು ಇಸಿದುಕೊಂಡರು. ಗಾಜಿನ ಮೇಲೆ ಬೆರಳಾಡಿಸಿದರು, ತುಂಬ ಹೊತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ಹಿಂದಕ್ಕೆ ಹೋಗಿ ಒಂದೊಂದೇ ಸಂಜೆಯನ್ನು ಎತ್ತಿ ನೋಡುತ್ತಿರುವವರಂತೆ ಕಂಡರು.

“ಅವ್ಳೂ ಇಂಗೇ ಹೇಳ್ತಿದ್ಳಾ?”

“ಇಲ್ಲ ತಾತ” ಎಂದೆ. “ಅಕ್ಕ ನೋಡಿಕೊಂಡೇ ಹೇಳ್ತಿದ್ರು.”

ಮುದುಕರು ಫೋನನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ. “ಎಷ್ಟ್ ಬಯ ಪಟ್ಟಿರ್ತಾಳೆ ಮಗು” ಎಂದರು, ನನಗಲ್ಲ.